ಅರ್ಧಕ್ಕಿಂತ ಕಡಿಮೆ

1

ಹೇಗೆ ಶುರು ಮಾಡಲಿ? ‘ಗೋವಾದ ಕೊರ್ಲಿಮ್‌ನ ಕಾರ್ಖಾನೆಯ ಸೈರನ್ ಕೂಗಿತು’ ಎಂದು ಬರೆದೆ. ಹೊಡೆದುಹಾಕಿದೆ. ಕೂಲಿಯವರ ಕಥೆ ಎಂದರೆ ಸೈರನ್ ಕೂಗಲೇಬೇಕೇ? ಓದುಗರೇ, ನೇರವಾಗಿ ಹೇಳಿಬಿಡುತ್ತೇನೆ. ಆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವ ದ್ರಾಕ್ಷಾಯಿಣಿಗೆ ಬಿ.ಕಾಂ. ಸೀಟು ಸಿಕ್ಕಿದೆ, ಆದರೆ ಗಣಿತದ ಬ್ರಿಡ್ಜ್ ಕೋರ್ಸ್ ಪಾಸಾಗಬೇಕು. ಇಲ್ಲದಿದ್ದರೆ ಸೀಟೂ ಇಲ್ಲ, ಆಫೀಸಿನ ಕುರ್ಚಿಯೂ ಇಲ್ಲ. ಮತ್ತೆ ಪೊಟ್ಟಣ ಸಾಗುವ ಅದೇ ಬೆಲ್ಟಿನ ಮುಂದೆ ನಿಲ್ಲಬೇಕು.

2

ಅವಳಿಗೆ ಬಾರದ್ದು ಭಿನ್ನರಾಶಿ. ಅವಳು ಚಿಕ್ಕ ತರಗತಿಯಲ್ಲಿದ್ದಾಗ ಅಪ್ಪ ಪರಮಣ್ಣನಿಗೆ ಗೋವಾದ ಮುರ್ಮುಗಾಂವ್ ಬಂದರಿನಲ್ಲಿ ಕೆಲಸ ಸಿಕ್ಕಿ, ವರ್ಷದ ನಡುವೆಯೇ ಗಂಟುಮೂಟೆ ಕಟ್ಟಿದರು. ಊರಿನ ಶಾಲೆ ಭಿನ್ನರಾಶಿಗೆ ಇನ್ನೂ ಬಂದಿರಲಿಲ್ಲ, ಇಲ್ಲಿಯ ಶಾಲೆ ಮುಗಿಸಿಬಿಟ್ಟಿತ್ತು. ಪಾಠ ಬಸ್ಸಿನಲ್ಲೇ ಕಳೆದುಹೋಯಿತು. ಆಮೇಲೆ ಯಾರೂ ಹುಡುಕಲಿಲ್ಲ, ಪಾಸು ಮಾತ್ರ ಮಾಡುತ್ತ ಹೋದರು.

ಹಾಗಾಗಿ ಅವಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸುತ್ತಾಳೆ. 1/2 + 1/3 = 2/5. ಎಷ್ಟು ಅಚ್ಚುಕಟ್ಟು! ಪೂರಾ ತಪ್ಪು.

2½

ಬ್ರಿಡ್ಜ್ ಕೋರ್ಸಿಗೆ ಆನ್‌ಲೈನ್ ಪಾಠ ಹೇಳುವವರು ಧಾರವಾಡದ ಕೇದಾರ ಸರ್. ಪರದೆಯ ಮೇಲೆ ‘ಮ್ಯಾಥ್ಸ್ ಈಸ್ ಫನ್’ ಎಂದು ಒಂದು ಕರಡಿ ಕುಣಿಯುತ್ತದೆ.

“ಏನವಾ, ಇದು ಸಣ್ಣ ಹುಡುಗರ ಲೆಕ್ಕ ಅದ. ಕ್ರಾಸ್ ಮಲ್ಟಿಪ್ಲೈ ಮಾಡಿಬಿಡು.”

“ಯಾಕ ಮಾಡಬೇಕ್ರಿ ಸರ್?”

“ಯಾಕ ಅಂತ ಕೇಳಬ್ಯಾಡ. ಮಾಡು.”

ಕರಡಿ ಚಪ್ಪಾಳೆ ತಟ್ಟಿತು. (ಡಿಗ್ರಿ ಓದಲು ಬಂದವರಿಗೆ ಇಟ್ಟ ಕರಡಿ! ಇದು ನನ್ನ ಕಲ್ಪನೆಯಲ್ಲ ಎಂದರೆ ನಂಬುತ್ತೀರಾ?)

3

ಇಲ್ಲಿ ಅವಳ ಅವ್ವ ಸಾವಂತ್ರೆವ್ವನನ್ನು ಕಥೆಯೊಳಕ್ಕೆ ಕರೆತಂದೆ. ಅವ್ವ ರೊಟ್ಟಿ ಮುರಿಯುತ್ತಾಳೆ, ಮಗಳಿಗೆ ಭಿನ್ನರಾಶಿ ಥಟ್ಟನೆ ಹೊಳೆಯುತ್ತದೆ, ನಿಮ್ಮ ಕಣ್ಣು ಒದ್ದೆಯಾಗುತ್ತದೆ. ಬಹುಮಾನ ಗಿಟ್ಟಿಸುವಂಥ ಪ್ಯಾರಾ.

“ಅವ್ವನ್ನ ಬಿಡ್ರಿ,” ಎಂದಳು ದ್ರಾಕ್ಷಾಯಿಣಿ. “ದಣದು ಮಲಗ್ಯಾಳ. ನಮ್ಮ ಮನ್ಯಾಗ ರೊಟ್ಟಿ ತಿಂತೀವ್ರಿ, ಪಾಠ ಮಾಡಂಗಿಲ್ಲ.”

ಪ್ಯಾರಾ ಹರಿದುಹಾಕಿದೆ.

ಮತ್ತೆ 3

ಪರೀಕ್ಷೆ. ಮೊದಲ ಪ್ರಶ್ನೆ ಅದೇ, 1/2 + 1/3. ಅವಳು 2/5 ಎಂದೇ ಬರೆದಳು.

ಒಂದನೇ ಮುಕ್ತಾಯ: ಪಾಸು, ಪೇಢೆ, ಕೇದಾರ ಸರ್ ಭಾಷಣ. ಎರಡನೇ ಮುಕ್ತಾಯ: ನಾಪಾಸು, ನಾನು ವ್ಯವಸ್ಥೆಗೆ ಛೀಮಾರಿ ಹಾಕಿ ಚಹಾ ಕುಡಿಯುತ್ತೇನೆ. ಎರಡರಲ್ಲೂ ಹೆಸರು ಬರುವುದು ನನಗೇ.

ಆದರೂ ಕನಿಕರ ಬಂತು. ಉತ್ತರ ತಿದ್ದಲು ಪೆನ್ನು ಚಾಚಿದೆ.

“ಕೈ ತಗೀರಿ! ಸರ್ ಸುಮ್ಮನ ಮಾಡು ಅಂದ್ರು, ನೀವರ ನನ್ನ ಬದಲಿ ಮಾಡಾಕ ಹೊಂಟೀರಿ. ನನಗ ತಿಳಿಯೂದು ಯಾವಾಗ?”

ಮುಖಕ್ಕೆ ಹೊಡೆದಂತಾಯಿತು. ಪೆನ್ನು ಹಿಂದಕ್ಕೆಳೆದುಕೊಂಡೆ.

ಅವಳು ತನ್ನ ಉತ್ತರವನ್ನೇ ದಿಟ್ಟಿಸುತ್ತ ಗೊಣಗಿದಳು: “ಅರ್ಧ ಮೊದಲ ಇತ್ತು. ಅದಕ್ಕ ಮತ್ತ ಕೂಡಿಸೇನಿ. ಐದರಾಗ ಎರಡು ಅಂದ್ರ ಅರ್ಧಕ್ಕಿಂತ ಕಡಿಮಿ ಆತಲ್ಲ! ಕೂಡಿಸಿದ್ರ ಕಡಿಮಿ ಹೆಂಗಾಗತೈತಿ?”

ಇಷ್ಟು ವರ್ಷ ಅವಳನ್ನು ಯಾರೂ ಕೇಳದ ಪ್ರಶ್ನೆ. ಕರಡಿಯೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಉತ್ತರದ ಮೇಲೆ ತಾನೇ ಗೀಟು ಎಳೆದಳು. ಎಡಗೈ ಅಡ್ಡ ಹಿಡಿದು ಕೆಳಗೆ ಮತ್ತೆ ಬರೆಯತೊಡಗಿದಳು. ಗಂಟೆ ಹೊಡೆಯಲು ಹೊತ್ತಿದೆಯೋ ಇಲ್ಲವೋ ಗೊತ್ತಿಲ್ಲ. ನಿಮಗಾಗಿಯೇ, ಓದುಗರೇ, ಕತ್ತು ಚಾಚಿ ಬಗ್ಗಿದೆ.

“ತಡೀರಿ,” ಎಂದಳು ತಲೆ ಎತ್ತದೆ. “ಇನ್ನೂ ಮಾಡಾಕತ್ತೇನಿ.”