ಬಾಣಲೆಗೆ ಹೂಂಗುಟ್ಟಿದವಳು

ಒಂದಾನೊಂದು ಅಡುಗೆಮನೆಯಲ್ಲಿ ಮಾತಾಡುವ ಬಾಣಲೆಯೊಂದು ಇತ್ತಂತೆ. ಅದರ ಮಾತು ತಿಳಿಯುತ್ತಿದ್ದುದು ಒಬ್ಬ ಅಜ್ಜಿಗೆ ಮಾತ್ರ. ಹಸಿ ಕಾಫಿಬೀಜ ಸುರಿದು ಸೌಟಾಡಿಸುತ್ತ ನಿಂತಳೆಂದರೆ ಅಜ್ಜಿಯ ಕಿವಿ ಬೆಕ್ಕಿನ ಕಿವಿಯ ಹಾಗೆ ನಿಮಿರುತ್ತಿತ್ತು. ಹೀಗಿರುವಾಗ ಒಂದು ದಿನ ಅಜ್ಜಿ ಹಿತ್ತಿಲ ಮೆಟ್ಟಿಲಲ್ಲಿ ಕಾಲುಜಾರಿ ಬಿದ್ದು, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ಅದೇ ವಾರ ಅವಳ ತಂಗಿಯ ಫೋನೂ ಬಂತು.

"ಭಾನುವಾರ ಬರ್ತಿದೀನಿ ಅಕ್ಕ. ನಿನ್ನ ಕಾಫಿ ಕೊಡ್ತೀಯೋ, ಪ್ಯಾಕೆಟ್ ಪುಡಿ ಕದಡಿ ಕೊಡ್ತೀಯೋ? ಯಾರಿಗಾದ್ರೂ ಕಲಿಸು ಅಂತ ಬಡ್ಕೊಂಡೆ. ಈಗ ನೋಡು, ಕೈ ಮುರೀತು, ಕೈರುಚಿನೂ ಮುಗೀತು."

ಫೋನ್ ಸ್ಪೀಕರಿನಲ್ಲಿತ್ತು. ಅಜ್ಜಿಯ ಮುಖ ಸಪ್ಪಗಾದದ್ದನ್ನು ಮೊಮ್ಮಗಳು ನೋಡಿದಳು. ನೋಡಿದ್ದೇ ತಡ, ಮಾತು ಬಾಯಿಂದ ಜಾರಿತ್ತು.

"ನಾನು ಹುರೀತೀನಿ ಚಿಕ್ಕಜ್ಜಿ! ನೀನು ಬಾ. ಅಜ್ಜಿ ಕಾಫಿನೇ ಕುಡಿಸ್ತೀನಿ, ಮಾತು ಕೊಟ್ಟೆ."

"ಯಾರು, ಚಿನಕುರಳಿನಾ? ಮಾತಿಗೇನು ಬಿಡು, ನಿನ್ನ ಹತ್ರ ಬೇಕಾದಷ್ಟಿದೆ," ಎಂದು ನಕ್ಕು ಚಿಕ್ಕಜ್ಜಿ ಫೋನಿಟ್ಟಳು.

ಪಟಾಕಿಯ ಆ ಹೆಸರು ಸುಮ್ಮನೆ ಬಂದದ್ದಲ್ಲ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗುವುದು ಮೊಮ್ಮಗಳ ಕೆಲಸ. ಯಾವ ಬಸ್ಸು, ಎಲ್ಲಿ ನಿಂತಿದೆ ಎಂದಷ್ಟೇ ಹೇಳಿ ಮುಗಿಸುವ ಬದಲು, "ಕಿಟಕಿ ಪಕ್ಕದ ಸೀಟು ಬೇಕಾದವರು ಸ್ವಲ್ಪ ಬೇಗ ಹೆಜ್ಜೆ ಹಾಕಿ" ಎಂದು ಬಾಲಂಗೋಚಿ ಸೇರಿಸಿ ಮೇಲಿನವರಿಂದ ಬೈಸಿಕೊಳ್ಳುತ್ತಿದ್ದಳು. ಮನೆಗೆ ಬಂದರೂ ಪಟಪಟ ನಿಲ್ಲದು. ಬಾಯಿಗೆ ಬಿಡುವು ಸಿಗುತ್ತಿದ್ದುದು ಅಜ್ಜಿ ಕಥೆ ಹೇಳುವಾಗ ಮಾತ್ರ. ಆಗಲೂ ಪೂರ್ತಿ ಬಿಡುವಲ್ಲ, ಹೂಂಗುಟ್ಟದಿದ್ದರೆ ಅಜ್ಜಿ ಕಥೆಯನ್ನು ಅಲ್ಲೇ ನಿಲ್ಲಿಸಿಬಿಡುತ್ತಿದ್ದಳು. ರಾಜಕುಮಾರಿ ಬಾವಿಯೊಳಗೆ ಅರ್ಧ ಇಳಿದಿರಲಿ, ರಾಕ್ಷಸ ತುತ್ತು ಎತ್ತಿರಲಿ, "ಹ್ಞೂಂ" ಬಂದ ಮೇಲೆಯೇ ಮುಂದಿನ ಮಾತು.

ಡಬ್ಬದಲ್ಲಿ ಹಸಿಬೀಜ ಇದ್ದದ್ದು ಎರಡು ಸಲ ಹುರಿಯುವಷ್ಟೇ. ಶನಿವಾರ ಸಂಜೆ ಅರ್ಧ ಸುರಿದದ್ದಾಯಿತು. ಅಜ್ಜಿ ಒಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡಳು.

"ಸೌಟು ನಿಲ್ಲಬಾರದು. ಮೊದಲು ಒಣಹುಲ್ಲಿನ ವಾಸನೆ ಬರತ್ತೆ, ಆಮೇಲೆ ಬ್ರೆಡ್ ಕಾಯಿಸಿದ ಹಾಗೆ. ಅದಾದ ಮೇಲೆ ಬೀಜ ಮಾತಾಡತ್ತೆ. ಮೊದಲನೇ ಮಾತು ಜೋರು, ಚಟಾರ್ ಚಟಾರ್ ಅಂತ. ಆಮೇಲೆ ಗಪ್‌ಚುಪ್. ಎರಡನೇದು ಪಿಸುಮಾತು. ಅದು ಕಿವಿಗೆ ಬಿದ್ದ ತಕ್ಷಣ ಇಳಿಸಿಬಿಡಬೇಕು. ತಡ ಮಾಡಿದ್ಯೋ, ಕೆಟ್ಟೆ."

"ಇಷ್ಟೇನಾ! ಹಾಗಾದ್ರೆ ಕೈನೋವು ಗೊತ್ತಾಗದ ಹಾಗೆ ಒಂದು ಕಥೆ ಹೇಳು."

ಕಥೆ ಎಂದರೆ ಅಜ್ಜಿಗೂ ಮೈಮೇಲೆ ಎಚ್ಚರವಿರದು. ಶುರುವಾಯಿತು ಪಂಜರದ ಗಿಳಿಯ ಕಥೆ. ಬೀಜ ಚಟಾರ್ ಎಂದದ್ದು ಇಬ್ಬರಿಗೂ ಕೇಳಿಸಿತು. ಆಮೇಲೆ ಗಿಳಿ ಪಂಜರದಿಂದ ಹಾರಿತು, "ಹ್ಞೂಂ!" ಕಾವಲಿನ ರಾಕ್ಷಸ ಕಣ್ಣುಬಿಟ್ಟ, "ಹ್ಞೂಂ, ಹ್ಞೂಂ!" ಅಷ್ಟು ಹೊತ್ತಿಗೆ ಗಿಳಿಯೂ ಕಾಣದಷ್ಟು ಹೊಗೆ ಅಡುಗೆಮನೆ ತುಂಬಿತ್ತು.

ಕೆಮ್ಮುತ್ತ ಒಳಗೆ ಬಂದ ಮೊಮ್ಮಗಳ ಅಪ್ಪ ಬಾಣಲೆಯೊಳಗೆ ಇಣುಕಿದ. "ಏನಮ್ಮಾ ಇದು, ಕಾಫಿ ಮಾಡ್ತಿದೀರೋ ಕಾಡಿಗೆ ಮಾಡ್ತಿದೀರೋ?"

ಅಜ್ಜಿ ನಗಲಿಲ್ಲ. ಎಡಗೈಯಲ್ಲಿ ಒಂದು ಕರಿಬೀಜ ಎತ್ತಿ, ನೋಡಿ, ಮತ್ತೆ ಹಾಕಿದಳು. "ಅದು ಪಿಸುಗುಟ್ಟೋ ಹೊತ್ತಿಗೇ ನೀನು ಹ್ಞೂಂ ಅಂದೆ ಕಣೇ. ನಂದೂ ತಪ್ಪೇ. ಬಾಣಲೆ ಕಥೆ ಹೇಳ್ತಿರುವಾಗ ನಾನು ಇನ್ನೊಂದು ತೆಗೀಬಾರದಿತ್ತು."

ಆ ಮಾತು ಮೊಮ್ಮಗಳ ತಲೆಯಲ್ಲಿ ಕೂತುಬಿಟ್ಟಿತು.

ಭಾನುವಾರ ಬೆಳಿಗ್ಗೆ ಚಿಕ್ಕಜ್ಜಿ ಬಂದವಳೇ ಚೀಲವನ್ನೂ ಇಳಿಸದೆ ಅಡುಗೆಮನೆಗೆ ನುಗ್ಗಿ, ಅಕ್ಕನ ಪಕ್ಕ ಇನ್ನೊಂದು ಕುರ್ಚಿ ಎಳೆದುಕೊಂಡಳು.

"ಅಕ್ಕ, ನೀನು ತುಟಿ ಬಿಚ್ಚೋ ಹಾಗಿಲ್ಲ. ಬಿಚ್ಚಿದ್ರೆ ಅದು ನಿನ್ನ ಕಾಫಿ, ಇವಳದಲ್ಲ."

"ಆಗಲಮ್ಮ," ಎಂದು ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಉಳಿದ ಬೀಜವೆಲ್ಲ ಬಾಣಲೆಗೆ ಬಿತ್ತು. ಇನ್ನು ಕೆಟ್ಟರೆ ಡಬ್ಬದಲ್ಲಿ ಗಾಳಿಯಷ್ಟೇ. ಹಸಿರು ಹಳದಿಯಾಯಿತು, ಹಳದಿ ಕಂದುಬಣ್ಣಕ್ಕೆ ತಿರುಗಿತು. ಒಣಹುಲ್ಲು ಘಮ್ಮೆಂದಿತು, ಬ್ರೆಡ್ಡೂ ಘಮ್ಮೆಂದಿತು. ಮೊಮ್ಮಗಳ ಬಾಯಿ ಮಾತ್ರ ಹೊಲಿದ ಹಾಗಿತ್ತು.

"ಏನೇ, ಊರಿಗೆಲ್ಲ ಕೇಳೋ ಹಾಗೆ ಕೂಗೋಳು, ಇವತ್ತು ಬಾಯಿಗೆ ಬೀಗವಾ?" ಚಿಕ್ಕಜ್ಜಿ ಕೆಣಕಿದಳು.

ಚಟಾರ್! ಬೀಜ ಬಾಯಿಬಿಟ್ಟಿತು. ಒಂದರ ಹಿಂದೊಂದು ಸಿಡಿದವು. ಮೊಮ್ಮಗಳು ಬಾಣಲೆಗೆ ಬಾಗಿ, ತನಗೇ ಕೇಳದಷ್ಟು ಮೆಲ್ಲಗೆ "ಹ್ಞೂಂ" ಎಂದಳು. ಮುಂದೆ?

ಬಾಣಲೆ ಸುಮ್ಮನಾಯಿತು. ಸೌಟಿನ ಸರಸರ ಬಿಟ್ಟರೆ ಬೇರೆ ಸದ್ದಿಲ್ಲ.

"ನಿಂಗೊಂದು ಗಂಡು ನೋಡಿದೀನಿ ಕಣೇ. ಒಳ್ಳೆ ಹುಡುಗ. ಕಿವಿ ಮಾತ್ರ ಕೇಳಿಸಲ್ಲ. ನಿಂಗೆ ಹೇಳಿ ಮಾಡಿಸಿದ ಹಾಗಿದಾನೆ."

ಸೆರಗಿನ ಹಿಂದೆ ಅಜ್ಜಿಯ ಹೊಟ್ಟೆ ಕುಲುಕಿತು. ಮೊಮ್ಮಗಳ ನಾಲಿಗೆಯ ತುದಿಗೆ ಉತ್ತರ ಬಂದು ಕುಣಿಯಿತು. ಎಂಥ ಉತ್ತರ! ಆಡಿದ್ದರೆ ಚಿಕ್ಕಜ್ಜಿ ಒಂದು ವಾರ ನೆನೆಸಿಕೊಳ್ಳಬೇಕಿತ್ತು. ಅದನ್ನು ಬಿಸಿ ತುತ್ತಿನ ಹಾಗೆ ನುಂಗಿದಳು. ನುಂಗಿದ ಆ ಕ್ಷಣದಲ್ಲೇ ಕೇಳಿಸಿತು.

ಚಿಟ್.

ಇರುವೆ ಸಕ್ಕರೆ ಕಡಿದಂಥ ಸದ್ದು. ತಕ್ಷಣ ಬಾಣಲೆ ಎತ್ತಿ ಮೊರಕ್ಕೆ ಬಗ್ಗಿಸಿ, ಕಿಟಕಿಯ ಹತ್ತಿರ ನಿಂತು ಕೇರಿದಳು. ಹೊಟ್ಟು ಹಾರಿ ಚಿಕ್ಕಜ್ಜಿಯ ನುಣ್ಣಗೆ ಬಾಚಿದ ತಲೆಯ ಮೇಲೆಲ್ಲ ಕೂತಿತು. ಕೇರುವುದರಲ್ಲಿ ಸ್ವಲ್ಪ ಸೇಡೂ ಇತ್ತೆಂದು ಅಪ್ಪ ಈಗಲೂ ಹೇಳುತ್ತಾನೆ.

ಅಜ್ಜಿ ಒಂದು ಬೀಜ ಎತ್ತಿ ಹಲ್ಲಿಗೆ ಕೊಟ್ಟಳು. ಕಟ್ ಎಂದಿತು. ಕಣ್ಣುಮುಚ್ಚಿದಳು.

ಬೀಜ ಆರಿದ ಮೇಲೆ ಕೈಗಿರಣಿ ತಿರುಗಿತು, ನೀರು ಕುದಿಯಿತು, ಡಿಕಾಕ್ಷನ್ ಇಳಿಯಿತು, ಹಾಲು ಬೆರೆಯಿತು. ಮೊಮ್ಮಗಳು ಲೋಟವನ್ನು ಚಿಕ್ಕಜ್ಜಿಯ ಕೈಗಿಟ್ಟು, ತನ್ನ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಳು.

ಚಿಕ್ಕಜ್ಜಿ ಒಂದು ಗುಟುಕು ಕುಡಿದಳು. ಇನ್ನೊಂದು. ಇನ್ನೂ ಒಂದು.

"ಏನಾದ್ರೂ ಬೊಗಳೇ!" ಅಜ್ಜಿಗೆ ತಡೆಯಲಾಗಲಿಲ್ಲ.

ಚಿಕ್ಕಜ್ಜಿ ಲೋಟದಿಂದ ತುಟಿ ತೆಗೆಯಲಿಲ್ಲ. ಚಿಕ್ಕಂದಿನಲ್ಲಿ ಅಕ್ಕನ ಪಕ್ಕ ಮಲಗಿ ಕಥೆ ಕೇಳುವಾಗ ಹೇಳುತ್ತಿದ್ದ ಹಾಗೆ, ಮೂಗಿನಲ್ಲೇ, ಉದ್ದಕ್ಕೆ ಎಳೆದು ಹೇಳಿದಳು.

"ಹ್ಞೂಂ..."

ಆಮೇಲೆ ಖಾಲಿ ಲೋಟವನ್ನು ಮೊಮ್ಮಗಳ ಕಡೆ ಚಾಚಿದಳು.