ರೊಟ್ಟೆ

"'ಹ್ಯಾಟಿ ಹೆಣ್ಣಲ್ಲೇನೋ ತಮ್ಮಾ?' ಅಂತಂದ್ಳ್ರಿ ಆ ಮುದುಕಿ," ಎಂದು ಹೇಳಿ ಹೊನ್ನವ್ವ ಒಂದು ಗಳಿಗೆ ಸುಮ್ಮನೆ ನಿಂತಳು. ನಗುವವರಿಗೆ ಜಾಗ ಬಿಡಬೇಕೆಂಬುದು ಯಾರೂ ಕಲಿಸದೆ ಅವಳಿಗೆ ಗೊತ್ತಿತ್ತು.

ಶಿಬಿರದ ಮೊದಲ ದಿನ. ಬರುವ ದಾರಿಯಲ್ಲಿ ಏನು ನೋಡಿದಿರಿ ಎಂದು ಕನ್ನಡ ಕಲಿಸುವ ಮುಕ್ತಾ ಎಲ್ಲರನ್ನೂ ಕೇಳಿದ್ದಳು. ಅಲ್ಲಿಯತನಕ ಎದ್ದುನಿಂತವರೆಲ್ಲ ಪ್ರಕೃತಿ ಸೌಂದರ್ಯವನ್ನು ನೋಡಿದ್ದರು. ಮೇ ತಿಂಗಳಲ್ಲಿ, ಎರೆಹೊಲ ಬಿರಿದು ಬಾಯಿಬಿಟ್ಟಿರುವ ಆ ಸೀಮೆಯಲ್ಲಿ ಅದು ಅವರಿಗೆ ಎಲ್ಲಿ ಸಿಕ್ಕಿತೋ. ಮಸೂತಿ ಊರಿನ ಹೊನ್ನವ್ವ ಮಾತ್ರ ಬಸ್ಸಿನಲ್ಲಿ ಒಬ್ಬ ಮುದುಕಿಯನ್ನೂ ಅವಳ ಬುಟ್ಟಿಯಲ್ಲಿದ್ದ ಹ್ಯಾಟೆಯನ್ನೂ ನೋಡಿದ್ದಳು. ಕಂಡಕ್ಟರ್ ಮುದುಕಿಗೆ ಪುಕ್ಕಟೆ ಟಿಕೀಟು ಹರಿದುಕೊಟ್ಟು ಕೋಳಿಗೆ ಅರ್ಧ ಟಿಕೀಟು ಕೇಳಿದನಂತೆ.

"'ಹೆಣ್ಮಕ್ಕಳಿಗೆಲ್ಲಾ ಪುಕ್ಕಟ ಅಂತ ಸರಕಾರ ಹೇಳೇತಿ. ಹುಂಜ ಇದ್ರ ತೊಗೊಳಪಾ, ನಾ ಬ್ಯಾಡನ್ನಂಗಿಲ್ಲ. ಇದು ಹ್ಯಾಟಿ ಐತಿ.' ಕಂಡಕ್ಟರ ಏನ ಕಮ್ಮೇನ್ರಿ? 'ಹಂಗಾರ ಅದರ ಆಧಾರ ಕಾರ್ಡ ತಗಿ' ಅಂದಾ. ಅದಕ್ಕ ಮುದುಕಿ, 'ಕಾರ್ಡ ಇಲ್ಲ, ತತ್ತಿ ಇಡತೈತಿ. ಬಾಗೇವಾಡಿ ಮುಟ್ಟೂದ್ರಾಗ ಇಟ್ರ ತೋರಸ್ತೇನಿ, ಕುಂದ್ರು' ಅಂದ್ಳ್ರಿ."

ಮುಕ್ತಾ ಸೆರಗು ಬಾಯಿಗೆ ಹಿಡಿದು ನಕ್ಕಳು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಚೊಲೋ ಹೇಳಿದಿ. ಈಗ ಇದನ್ನ ಶುದ್ಧ ಕನ್ನಡದಾಗ ಹೇಳು," ಎಂದಳು.

ಹೊನ್ನವ್ವ ಬಾಯಿ ತೆರೆದಳು, ಮುಚ್ಚಿದಳು. ಶುದ್ಧ ಕನ್ನಡದಲ್ಲಿ ಹ್ಯಾಟೆಗೆ ಏನನ್ನುತ್ತಾರೆ ಎಂದು ಕೇಳಿದಳು. ಕೋಳಿ ಅನ್ನಬೇಕು ಎಂದಳು ಮುಕ್ತಾ. ಕೋಳಿ ಅಂದರೆ ಹೆಣ್ಣೋ ಗಂಡೋ ಗೊತ್ತಾಗುವುದಿಲ್ಲವಲ್ಲ, ಆಮೇಲೆ ಮುದುಕಿ ಜಗಳ ತೆಗೆಯುವುದು ಹೇಗೆ ಎಂಬುದು ಹುಡುಗಿಯ ಪ್ರಶ್ನೆ. ಮುಕ್ತಾ ಕೂಡು ಎಂದು ಸನ್ನೆ ಮಾಡಿ ಮುಂದಿನವನನ್ನು ಎಬ್ಬಿಸಿದಳು. ಅವನೂ ಪ್ರಕೃತಿ ಸೌಂದರ್ಯವನ್ನು ನೋಡಿದ್ದ.

ಬೆಂಗಳೂರಿನ ಒಂದು ಟ್ರಸ್ಟು ಪ್ರತಿ ಬೇಸಿಗೆಯಲ್ಲಿ ನಡೆಸುವ ಪ್ರತಿಭಾ ಶಿಬಿರ ಅದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹೈಸ್ಕೂಲುಗಳಲ್ಲಿ ಹತ್ತನೆಯ ಪರೀಕ್ಷೆ ಬರೆದು ಕುಳಿತ ಮಕ್ಕಳಲ್ಲಿ ಶ್ಯಾಣ್ಯಾರನ್ನು ಸೋಸಿ ತೆಗೆದು ಆಲಮಟ್ಟಿಗೆ ತಂದು ಇಟ್ಟಿದ್ದರು. ಅಣೆಕಟ್ಟು ಕಟ್ಟುವ ಕಾಲಕ್ಕೆ ಇಂಜಿನಿಯರುಗಳಿದ್ದ, ಈಗ ಪಾರಿವಾಳಗಳಿರುವ ಕ್ವಾರ್ಟರ್ಸುಗಳೇ ಅವರಿಗೆ ತರಗತಿ, ಹಾಸ್ಟೇಲು ಎಲ್ಲ. ಶ್ಯಾಣ್ಯಾ ಎಂಬ ಮಾತಿಗೆ ಆ ಕಡೆ ಎರಡು ಅರ್ಥ, ಜಾಣ ಇಲ್ಲವೆ ಅತಿಜಾಣ. ಯಾವುದೆಂಬುದು ಹೇಳುವವರ ಹುಬ್ಬಿನ ಮೇಲೆ ಹೋಗುತ್ತದೆ. ಅಡಿಗೆಯ ಜೈತುನಬಿ ಎರಡನ್ನೂ ಬೆರೆಸಿಯೇ, "ಬರ್ರಿ ಶ್ಯಾಣ್ಯಾರ, ತಾಟ ಹಿಡೀರಿ," ಎಂದು ಕರೆಯುತ್ತಿದ್ದಳು.

ಶಿಬಿರದ ಕೊನೆಯ ದಿನ ಟ್ರಸ್ಟಿನವರು ಬಂದು ಒಬ್ಬೊಬ್ಬರ ಭಾಷಣ ಕೇಳಿ ಒಬ್ಬರನ್ನು ಆರಿಸುತ್ತಿದ್ದರು. ಆ ಒಬ್ಬರಿಗೆ ಮೈಸೂರ ಕಡೆಯ ವಸತಿ ಕಾಲೇಜಿನಲ್ಲಿ ಎರಡು ವರ್ಷದ ಊಟ, ಓದು, ಇರವು ಎಲ್ಲ ಟ್ರಸ್ಟಿನದೇ. ಉಳಿದವರಿಗೆ ಪ್ರಮಾಣಪತ್ರ. ಉಳಿದವರಲ್ಲಿ ಬಹಳ ಮಂದಿಗೆ ಅದರಿಂದ ಏನೂ ಕೆಡುತ್ತಿರಲಿಲ್ಲ, ವಿಜಯಪುರದಲ್ಲಿ ಕಾಲೇಜುಗಳಿಗೇನು ಬರವೇ? ಹೊನ್ನವ್ವನ ಮಾತು ಬೇರೆ. ಅವಳ ಅಕ್ಕನ ಓದು ಹತ್ತಕ್ಕೆ ನಿಂತು, ಅದೇ ಬೇಸಿಗೆ ಮದುವೆಯಾಗಿತ್ತು. ಇವಳ ವಿಷಯಕ್ಕೆ ಅಪ್ಪ 'ಮುಂದ ನೋಡೂಣು' ಅಂದಿದ್ದ. ಆ ಮನೆಯಲ್ಲಿ 'ನೋಡೂಣು' ಎಂದರೆ ನೋಡಿ ಆಗಿದೆ ಎಂದೇ ಅರ್ಥ. ಆದರೆ ನಾಲ್ಕು ತಾಲೂಕಿನಲ್ಲಿ ಒಬ್ಬಳನ್ನೇ ಆರಿಸಿ, ಅವರೇ ಕರೆದೊಯ್ದು ಸುತ್ತ ಗೋಡೆ ಇರುವ ಹಾಸ್ಟೇಲಿನಲ್ಲಿ ಇಟ್ಟುಕೊಳ್ಳುವುದಾದರೆ ಕಳಿಸುತ್ತೇನೆ ಎಂದು ಅವಳ ಹೆಡ್ಮಾಸ್ತರರ ಎದುರು ಒಪ್ಪಿದ್ದನಂತೆ. ಇದನ್ನೆಲ್ಲ ಹುಡುಗಿಯೇ ಮುಕ್ತಾಳಿಗೆ ಹೇಳಿದ್ದು. ಅಪ್ಪ ಒಪ್ಪುವಾಗ ಮೀಸೆ ತಿರುವಿದ ರೀತಿಯನ್ನು ಮಾಡಿ ತೋರಿಸಿ, ತಾನೇ ನಕ್ಕು ಹೇಳಿದ್ದಳು.

ಸೀಟು ಇವಳದೇ ಎಂದು ಮುಕ್ತಾ ಅವತ್ತೇ ಮನಸ್ಸಿನಲ್ಲಿ ಬರೆದಿಟ್ಟಳು. ಅಡ್ಡ ಇದ್ದದ್ದು ನಾಲಗೆ ಒಂದೇ.

ಮುಕ್ತಾ ಮಹಾರಾಷ್ಟ್ರದ ಗಡಿಯ ಚಡಚಣದವಳು. ಮನೆಯಲ್ಲಿ ಅಜ್ಜಿಯ ಕೂಡ ಮರಾಠಿ, ಅಪ್ಪನ ಕೂಡ ಕನ್ನಡ, ಸಿಟ್ಟು ಬಂದಾಗ ಎರಡೂ. ಕನ್ನಡ ಎಂ.ಎ. ಮಾಡಿ ಒಮ್ಮೆ ಬೆಂಗಳೂರಿಗೆ ಲೆಕ್ಚರರ್ ಹುದ್ದೆಯ ಸಂದರ್ಶನಕ್ಕೆ ಹೋಗಿದ್ದಳು. ಹಳೆಗನ್ನಡ, ಛಂದಸ್ಸು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಕೊನೆಗೆ ಒಬ್ಬರು, ನೀವು ಎಂ.ಎ. ಮಾಡಿದ್ದು ಕನ್ನಡದಲ್ಲೇನಾ ಎಂದು ಕೇಳಿದರು. ಇವಳು "ಹೌದ್ರಿ" ಎಂದಳು. ಕುಳಿತವರೆಲ್ಲ ನಕ್ಕರು. ಕೆಟ್ಟ ನಗೆಯೇನಲ್ಲ, ಕೂಸು ತೊದಲಿದಾಗ ದೊಡ್ಡವರು ನಗುತ್ತಾರಲ್ಲ, ಅಂಥದು. ಕೆಟ್ಟ ನಗೆಯಾಗಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದಳು. ಈಗ ಇಂಡಿಯ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಹುಡುಗರ ಬಾಯಲ್ಲಿ 'ಬಾಯಾರು'. ಎಷ್ಟೋ ವರ್ಷದಿಂದ ಅತಿಥಿಯೇ.

ಸಂಜೆ ಉಳಿದ ಮಕ್ಕಳು ಕಬಡ್ಡಿ ಆಡುವಾಗ ಬೇವಿನ ಮರದ ಕೆಳಗೆ ಇವರಿಬ್ಬರ ಅಭ್ಯಾಸ. ಹೊನ್ನವ್ವ 'ಐತಿ' ಅಂದಾಗೊಮ್ಮೆ ಮುಕ್ತಾ ಒಂದು ಬೆರಳು ಎತ್ತುವಳು. 'ಇದೆ' ಅಂದರೆ ಇಳಿಸುವಳು. ಸಾಲಿ ಅಲ್ಲ, ಶಾಲೆ. ಮನಿ ಅಲ್ಲ, ಮನೆ. ಎಮ್ಮಿ ಅಲ್ಲ, ಎಮ್ಮೆ. ಹುಡುಗಿ ಶ್ಯಾಣ್ಯಾಳಲ್ಲವೇ, ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ಹೇಳದೆ ಇದ್ದದ್ದನ್ನೂ ತಾನೇ ತಿದ್ದಿಕೊಳ್ಳತೊಡಗಿದಳು. ಒಂದು ದಿನ ಊಟಕ್ಕೆ ಕುಳಿತಾಗ, "ಇನ್ನೊಂದು ರೊಟ್ಟೆ ಕೊಡಿ," ಎಂದಳು.

ಜೈತುನಬಿಯ ಕೈ ಬುಟ್ಟಿಯಲ್ಲೇ ನಿಂತಿತು. "ಏನ ಕೊಡ್ಲೆವ್ವಾ?"

"ರೊಟ್ಟೆ."

ಅದೆಲ್ಲಿಯ ಪದಾರ್ಥ, ನಾನು ಮಾಡಿಲ್ಲವಲ್ಲ ಎಂದು ಜೈತುನಬಿ ನಿಜವಾಗಿಯೇ ಗಾಬರಿಯಾದಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಂದಿನಿಂದ ಅವಳ ಹೆಸರು ರೊಟ್ಟೆ. ಅವಳೂ ನಕ್ಕಳು, ಆದರೆ ಮರುದಿನದಿಂದ ಇನ್ನೊಂದನ್ನು ಕೇಳುವುದು ಬಿಟ್ಟಳು. ಮಾತಿಗೆ ಮೊದಲು ಒಂದು ಗುಟುಕು ಗಾಳಿ ನುಂಗುವುದು ಅಂದಿನಿಂದಲೇ ಶುರುವಾಯಿತು. ಆ ಗುಟುಕಿನ ಹೊತ್ತಿನಲ್ಲಿ ಅವಳು ವಾಕ್ಯವನ್ನು ಒಳಗೇ ಒಮ್ಮೆ ಆಡಿ, ತಿದ್ದಿ, ಹೊರಗೆ ತರುತ್ತಿದ್ದಳು. ಬಹಳ ಸಲ ಅಷ್ಟರಲ್ಲಿ ಮಾತು ಬೇರೆ ಕಡೆ ಹೊರಟುಹೋಗಿರುತ್ತಿತ್ತು. ಮುಕ್ತಾ ಇದನ್ನು ಗಾಂಭೀರ್ಯ ಎಂದುಕೊಂಡಳು.

ಗಣಿತ ಕಲಿಸಲು ಸಿಂದಗಿಯಿಂದ ಬಂದಿದ್ದ ಅನೀಲಕುಮಾರ ಸರ ಒಂದು ಸಂಜೆ ಚಹಾದ ಕಪ್ಪು ಹಿಡಿದು ಮರದ ಕೆಳಗೆ ಬಂದು ನಿಂತರು. ಸ್ಥೂಲ ಮನುಷ್ಯ, ಯಾವುದಕ್ಕೂ ಅವಸರವಿಲ್ಲ. ಸ್ವಲ್ಪ ಹೊತ್ತು ಕೇಳಿ, "ಬಾಯಾರ, ಹುಡುಗಿ ನಾಲಗೀಗಿ ಇಸ್ತ್ರಿ ಹೊಡ್ಯಾಕತ್ತೀರಿ," ಎಂದರು.

"ಮುದ್ದಿ ಆದ ಅರಿವಿ ಹಾಕ್ಕೊಂಡು ಇಂಟ್ರವ್ಯೂಕ ಹೋಗ್ತಾರೇನ್ರಿ ಸರ?"

"ಅದೂ ಖರೇನ," ಎಂದು ಅವರು ಚಹಾ ಮುಗಿಸಿದರು. ಆಕ್ಷೇಪಣೆ ಎತ್ತಿ ಅಲ್ಲೇ ಬಿಟ್ಟು ಹೋಗುವುದು ಅವರ ಸ್ವಭಾವ. ಸ್ಟಾಫ್ ಮೀಟಿಂಗುಗಳಲ್ಲಿ ಅವರನ್ನು ಎಲ್ಲರೂ ಮೆಚ್ಚುತ್ತಿದ್ದದ್ದು ಇದಕ್ಕೇ.

ಭಾಷಣಕ್ಕೆ ಹೊನ್ನವ್ವ ಆರಿಸಿಕೊಂಡದ್ದು ಮುದುಕಿಯ ಹ್ಯಾಟೆಯನ್ನೇ. ಮುಕ್ತಾ ಬೇಡವೆಂದಳು. ದೊಡ್ಡ ದೊಡ್ಡವರು ಬಂದಿರುತ್ತಾರೆ, ಕೋಳಿ ಗೀಳಿ ಸರಿಯಲ್ಲ ಎಂದಳು. ಬಸ್ಸನ್ನು ಇಟ್ಟುಕೊಂಡು ಕೋಳಿಯನ್ನು ಇಳಿಸಿದರು. ಮುದುಕಿ 'ಗ್ರಾಮೀಣ ಮಹಿಳೆ' ಆದಳು. ಕಂಡಕ್ಟರನ ಮಾತು ತೆಗೆದಾಗ ಅಲ್ಲಿ ಹಿಡಿಯಷ್ಟು ಜಾಗ ಉಳಿಯಿತು, ಅದಕ್ಕೆ 'ಸಬಲೀಕರಣ' ಹಾಕಿದರು. ಹುಡುಗಿ ಅದನ್ನು ಒಂದೇ ರಾತ್ರಿಯಲ್ಲಿ ಬಾಯಿಪಾಠ ಮಾಡಿದಳು. ಕೋಳಿ ಮಾತ್ರ ಹಾಸ್ಟೇಲಿನಲ್ಲಿ ಬಾಯಿಂದ ಬಾಯಿಗೆ ಓಡಾಡಿಕೊಂಡಿತ್ತು. ದಿನಕ್ಕೊಬ್ಬರು ಒಂದೊಂದು ಪುಕ್ಕ ಹಚ್ಚಿ ಹೇಳುತ್ತಿದ್ದರು.

ಕೊನೆಯ ದಿನ ಬಂದ ಪರೀಕ್ಷಕರಲ್ಲಿ ಮಾತು ನಡೆಸುತ್ತಿದ್ದವರು ಕೈಮಗ್ಗದ ಇಳಕಲ್ ಸೀರೆ ಉಟ್ಟ ಬೆಂಗಳೂರಿನ ಒಬ್ಬ ಹೆಂಗಸು. ಹೊನ್ನವ್ವ ವೇದಿಕೆಗೆ ಬಂದು ಗುಟುಕು ಗಾಳಿ ನುಂಗಿ ಶುರು ಮಾಡಿದಳು. ಒಂದು ಅಕ್ಷರ ಜಾರಲಿಲ್ಲ. ಇದ್ದದ್ದೆಲ್ಲ 'ಇದೆ', ಬಂದದ್ದೆಲ್ಲ 'ಬಂದಿದೆ'. ಹಿಂದೆ ನಿಂತ ಮುಕ್ತಾಳ ತುಟಿಗಳೂ ಜೊತೆಗೇ ಆಡುತ್ತಿದ್ದವು. ಕೊನೆಗೆ ಚಪ್ಪಾಳೆ ಬಂತು. ಪ್ರತಿಯೊಬ್ಬರಿಗೂ ಬರುತ್ತಿದ್ದಷ್ಟೇ ಬಂತು.

ಅವಳ ಬಳಿಕ ಮುದ್ದೇಬಿಹಾಳದ ಅಮಿತ. ಡಾಕ್ಟರರ ಮಗ, ಇಂಗ್ಲಿಷ್ ಮೀಡಿಯಮ್ಮು. ಮನೆಯಲ್ಲಿ ಅವನಿಗೆ 'ಐತಿ' ಅನ್ನಲು ಅವ್ವ ಬಿಡುತ್ತಿರಲಿಲ್ಲ. ಅವನ ಉತ್ತರ ಕರ್ನಾಟಕವೆಲ್ಲ ಮೊಬೈಲಿನಲ್ಲಿ ಹಾಸ್ಯದ ತುಣುಕು ನೋಡಿ ಕಲಿತದ್ದು. ಮೈಕಿನ ಮುಂದೆ ನಿಂತವನೇ, "ಯಪ್ಪಾ, ಏನ ಹೇಳ್ಲಿ ನಮ್ಮ ಬಸ್ಸಿನ ಕತಿ," ಎಂದು ಸೊಂಟದ ಮೇಲೆ ಕೈ ಇಟ್ಟ. ಆಮೇಲೆ ಬುಟ್ಟಿ, ಹ್ಯಾಟಿ, ಆಧಾರ ಕಾರ್ಡು, ತತ್ತಿ ಎಲ್ಲ ಒಂದೊಂದಾಗಿ ಬಂದವು. ಇರುವ ಕಡೆಯೂ ಇಲ್ಲದ ಕಡೆಯೂ ಸಮವಾಗಿ ಒತ್ತು ಕೊಟ್ಟು ಆಡಿದ. ಬೆಂಗಳೂರಿನ ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮುಕ್ತಾ ಹೊನ್ನವ್ವನನ್ನು ನೋಡಿದಳು. ಅವಳು ನಗುತ್ತಿದ್ದಳು, ಎಲ್ಲರೂ ನಕ್ಕು ಮುಗಿದ ಮೇಲೆ, ಒಂದು ಗುಟುಕು ತಡವಾಗಿ.

ಚಹಾದ ಹೊತ್ತಿಗೆ ಸೀಟು ಅಮಿತನಿಗೆ ಎಂದು ಹೇಳಿದರು. ಮುಕ್ತಾ ಎಂದೂ ಯಾರನ್ನೂ ಕೇಳಿಕೊಂಡವಳಲ್ಲ. ಅಂದು ಆ ಹೆಂಗಸಿನ ಕುರ್ಚಿಯ ಹತ್ತಿರ ಹೋಗಿ ನಿಂತು, ಮಸೂತಿಯ ಹುಡುಗಿಯನ್ನು ಇನ್ನೊಮ್ಮೆ ಕೇಳಬೇಕು, ಅವಳ ಓದು ಇದರ ಮೇಲೆಯೇ ನಿಂತಿದೆ, ಆ ಕತೆ ಮೂಲದಲ್ಲಿ ಅವಳದೇ ಎಂದಳು. ತನ್ನ ಅತ್ಯುತ್ತಮ ಶುದ್ಧ ಕನ್ನಡದಲ್ಲೇ ಹೇಳಿದಳು.

"ಒಳ್ಳೆ ಹುಡುಗಿ, ತುಂಬಾ ಕಷ್ಟಪಟ್ಟಿದ್ದಾಳೆ," ಎಂದರು ಅವರು. ದನಿಯಲ್ಲಿ ನಿಜವಾದ ಮರುಕವಿತ್ತು. "ಆದ್ರೆ ಪಾಠ ಒಪ್ಪಿಸಿದ ಹಾಗಿತ್ತು, ಅಲ್ವಾ? ನಾವು ಹುಡುಕ್ತಿರೋದು ಸ್ವಂತ ದನಿ. ಈ ಮಣ್ಣಿನ ಸೊಗಡು. ಕತೆ ಯಾರದ್ದು ಅನ್ನೋದಕ್ಕಿಂತ ಅದು ಹೇಗೆ ಬರತ್ತೆ ಅನ್ನೋದು ಮುಖ್ಯ. ಮಕ್ಕಳಿಗೆ ನೀವುಗಳು ಅವರ ಭಾಷೇಲೇ ಮಾತಾಡೋಕೆ ಧೈರ್ಯ ಕೊಡಬೇಕು, ಮೇಡಂ."

"ಹೌದ್ರಿ," ಎಂದಳು ಮುಕ್ತಾ.

ಹೊರಗೆ ಬಂದಾಗ ಜಗಲಿಯ ಕಟ್ಟೆಯ ಹತ್ತಿರ ಅಮಿತ ಹೊನ್ನವ್ವನ ಮುಂದೆ ನಿಂತಿದ್ದ. ಕೆಟ್ಟ ಹುಡುಗನಲ್ಲ, ಮುಖ ಸ್ವಲ್ಪ ಕೆಂಪಾಗಿತ್ತು. "ನಿನ್ನ ಹ್ಯಾಟೀನ ಗೆದ್ದೈತಿ ನೋಡು, ನಾ ಅಲ್ಲ," ಎನ್ನುತ್ತಿದ್ದ. ಬೈಸಿಕೊಳ್ಳಲು ಬಂದವನಂತೆ ಕಾಯುತ್ತಿದ್ದ.

ಹೊನ್ನವ್ವ ಗಾಳಿ ನುಂಗಿ, "ಅಭಿನಂದನೆಗಳು," ಎಂದಳು.

ಸಂಜೆಗೆ ಪರೀಕ್ಷಕರ ಕಾರು ಹೋಯಿತು. ಮಕ್ಕಳು ಒಳಗೆ ಚೀಲ ಕಟ್ಟುತ್ತಿದ್ದರು. ಮುಕ್ತಾ ಹಿತ್ತಲ ಮೆಟ್ಟಿಲ ಮೇಲೆ ಕುಳಿತಿದ್ದಳು. ಬೇಸಿಗೆಗೆ ಹಿನ್ನೀರು ದೂರ ಸರಿದು, ನಡುವೆ ಬಿಳಿಚಿದ ಕೆಸರು ಅಗಲವಾಗಿ ಬಿದ್ದಿತ್ತು. ಹೊನ್ನವ್ವ ಬಂದು ಕೆಳಗಿನ ಮೆಟ್ಟಿಲಲ್ಲಿ ನಿಂತು, ಮನೆಗೆ ಒಂದು ಫೋನು ಮಾಡಬಹುದೇ ಎಂದು ಕೇಳಿದಳು. ಮುಕ್ತಾ ಹೇಳಬೇಕಾದದ್ದು ಬಹಳ ಇತ್ತು. ಯಾವ ಕನ್ನಡದಲ್ಲಿ ಹೇಳುವುದೋ ತಿಳಿಯಲಿಲ್ಲ. ಫೋನು ಕೊಟ್ಟಳು. ಕಿವಿಗೆ ಹಿಡಿದರೆ ಏನೂ ಕೇಳದ, ಸ್ಪೀಕರಿಗೆ ಹಾಕಿದರೆ ಓಣಿಗೆಲ್ಲ ಕೇಳುವ ಹಳೆಯ ಫೋನು ಅದು.

ಅತ್ತ ರಿಂಗು ಹೋಗಿ ಅವ್ವ ಎತ್ತಿದಳು. ಹಿಂದೆ ಪಾತ್ರೆಗಳ ಸಪ್ಪಳ.

"ಹಲೋ, ನಾನು ಆಲಮಟ್ಟಿಯಿಂದ ಮಾತನಾಡುತ್ತಿದ್ದೇನೆ," ಎಂದಳು ಹೊನ್ನವ್ವ.

"ಹಾಂ, ಹೇಳ್ರಿ ಬಾಯಾರ, ಆರಾಮದೀರಿಲ್ರಿ?" ಅವ್ವನ ದನಿ ತಟ್ಟನೆ ನಿಗುರಿ ನಿಂತಂತಾಯಿತು. ಪಾತ್ರೆಯ ಸಪ್ಪಳವೂ ನಿಂತಿತು.

ಹುಡುಗಿ ತುಟಿ ತೆರೆದಳು. ಮುಕ್ತಾ ಅರ್ಧ ಎದ್ದು, ನೀನೇ ಅಂತ ಹೇಳು ಎಂದು ಕೈಮಾಡಿದಳು. ಹೊನ್ನವ್ವ ಆ ಕಡೆ ನೋಡಲಿಲ್ಲ.

"ನಮ್ಮ ಹೊನ್ನಿ ಹೆಂಗ ಅದಾಳ್ರಿ? ಭಾಳ ಮಾತಾಡ್ತೈತ್ರಿ ಅದು, ಬಾಯಿ ಅನ್ನೂದು ಮುಚ್ಚಂಗಿಲ್ಲ. ನಿಮಗ ತ್ರಾಸ ಕೊಟ್ಟಿರಬೇಕು. ಸಿಟ್ಟಿಗೇಳಬ್ಯಾಡ್ರಿ ಬಾಯಾರ, ಸಣ್ಣದೈತಿ."

"ಇಲ್ಲ," ಎಂದಳು ಹೊನ್ನವ್ವ. ಗಾಳಿ ನುಂಗಲಿಲ್ಲ ಈ ಸಲ. ಮಾತು ತಡೆಯಿಲ್ಲದೆ ಬಂತು. "ಅವಳು ಹೆಚ್ಚು ಮಾತನಾಡುವುದಿಲ್ಲ."

"ನಮ್ಮ ಹೊನ್ನೀನ ಏನ್ರಿ?" ಅತ್ತ ಅವ್ವ ನಕ್ಕಳು, ನಂಬದೆ. ಆಮೇಲೆ ನಗು ಸಣ್ಣಗಾಯಿತು. "ಮೈಯಾಗ ಆರಾಮ ಅದಾಳಿಲ್ರಿ ಮತ್ತ?"

"ಚೆನ್ನಾಗಿದ್ದಾಳೆ. ನಾಳೆ ಊರಿಗೆ ಬರುತ್ತಾಳೆ."

"ಬರ್ಲಿ ಬಿಡ್ರಿ," ಎಂದಳು ಅವ್ವ. ಬರುತ್ತಾಳೆ ಎಂದರೆ ಸೀಟು ಸಿಗಲಿಲ್ಲ ಎಂಬುದು ತಿಳಿಯಲು ಅವಳಿಗೆ ಒಂದು ಗಳಿಗೆ ಹಿಡಿದಿರಬೇಕು. "ಬರ್ಲಿ. ಹಂಗಾರ ಅವರಪ್ಪಗ ಹೇಳ್ತೇನಿ."

ಫೋನು ತಾನಾಗಿಯೇ ಕತ್ತಲಾಯಿತು. ಕೆಸರಿನ ಆಚೆ ಯಾರವೋ ಎಮ್ಮೆಗಳು ಒಂದರ ಹಿಂದೊಂದು ದಂಡೆ ಹತ್ತುತ್ತಿದ್ದವು. ಹೊನ್ನವ್ವ ಅವುಗಳನ್ನು ನೋಡುತ್ತ ಫೋನಿನ ಗಾಜನ್ನು ವೇಲಿನ ತುದಿಯಿಂದ ಒರೆಸಿದಳು. ಬೆರಳ ಗುರುತು ಉಳಿಯದ ಹಾಗೆ ಇನ್ನೊಮ್ಮೆ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಬಾಯಾರಿಗೆ ಕೊಟ್ಟಳು.