ಎಲಾದಿಯೊ ಹಿಡಿದ ಸೂಜಿ

"ನಾಳೆ ನಾನು ಆಸ್ಪತ್ರೆಗೆ ಹೋಗಲ್ಲ," ಎಂದು ಎಲಾದಿಯೊ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ವೈದ್ಯರ ಪಥ್ಯದಂತೆ ಎರಡೆರಡು ಸಲ ನೀರು ಬಸಿದು ಬೇಯಿಸಿದ ಮರಗೆಣಸು ಬಾಯಿಗೆ ಹತ್ತಿಯಂತಿತ್ತು.

ನಿಮಿಯಾ ಗಂಡನ ಮುಖ ನೋಡಿದಳು. ಮೂತ್ರಪಿಂಡಗಳು ಕೈಕೊಟ್ಟಂದಿನಿಂದ ಅವನು ವಾರಕ್ಕೆ ಮೂರು ದಿನ ರಾಜಧಾನಿ ಅಸುನ್ಸಿಯೋನಿಗೆ ಹೋಗಿ, ಯಂತ್ರದ ಪಕ್ಕ ಮಲಗಿ, ರಕ್ತ ತೊಳೆಸಿಕೊಂಡು ಬರಬೇಕಿತ್ತು. ವರ್ಷಗಟ್ಟಲೆ ಆ ದಾರಿಯಲ್ಲಿ ಬಸ್ಸು ಓಡಿಸಿದವನು ಈಗ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ತಲೆಯೊರಗಿಸಿ ಕೂರುತ್ತಿದ್ದ. ತಮ್ಮೂರು ಇಟಾಗ್ವಾದ ಉರಿಬಿಸಿಲಲ್ಲಿ ಬೀದಿಯ ಗಂಡಸರೆಲ್ಲ ತಣ್ಣನೆಯ ತೆರೆರೆ ಪಾನೀಯ ಹೀರುತ್ತ ಹರಟುವಾಗ, ಕುಡಿಯುವ ನೀರಿಗೂ ಲೆಕ್ಕವಿದ್ದ ಅವನ ಪಾಲಿಗೆ ಸಿಗುತ್ತಿದ್ದುದು ಒಂದೇ ಗುಟುಕು. ಅದಕ್ಕೆಂದೇ ಹರಟೆಗೆ ಹೋಗುವುದನ್ನು ಬಿಟ್ಟಿದ್ದ.

"ಹೋಗದಿದ್ರೆ ಏನಾಗುತ್ತೆ ಗೊತ್ತಲ್ಲ?"

"ಗೊತ್ತು."

ಮೂಲೆಯಲ್ಲಿ ಕೂತಿದ್ದ ನಿಮಿಯಾಳ ತಾಯಿ ದೆಯೋಲಿಂದಾ ತಲೆಯೆತ್ತಿದಳು. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಜೇಡರಬಲೆಯಂಥ ನಂಡುಟಿ ಕಸೂತಿ ಹೆಣೆದೇ ಮಕ್ಕಳನ್ನು ಸಾಕಿದವಳು. ಈಗ ಕಣ್ಣಿಗೆ ಪೊರೆ ಬಂದಿತ್ತು. "ಸಾಯೋದಾದ್ರೆ ಸಾಯಪ್ಪ, ಯಾರು ಬೇಡ ಅಂದ್ರು? ಮೊದಲು ಈ ಸೂಜಿಗೆ ದಾರ ಪೋಣಿಸಿಕೊಡು."

ಅವನು ಪೋಣಿಸಿದ. "ಇಲ್ಲೊಂದು ಎಳೆ ತಪ್ಪಿದೆ, ಅತ್ತೆ."

"ಕಣ್ಣು ಕಾಣೋನು ನೀನು. ಸರಿಮಾಡು."

ಒಂದು ಎಳೆ ಸರಿಮಾಡಲು ಹೋಗಿ ಇನ್ನೆರಡನ್ನು ಕೆಡಿಸಿದ. ಮುದುಕಿ ಬಾಯಿಗೆ ಬಂದಂತೆ ಬೈದಳು. ಅವನು ಬಿಡಲಿಲ್ಲ, ಸಂಜೆಯವರೆಗೂ ಚೌಕಟ್ಟಿನ ಮೇಲೆ ಬಗ್ಗಿಯೇ ಇದ್ದ. ಮರುದಿನ ಬೆಳಗ್ಗೆ ಅಂಗಿ ತೊಟ್ಟು ಬಾಗಿಲಲ್ಲಿ ನಿಂತು, "ಚೌಕಟ್ಟಿನ ಮೇಲಿನ ಹೂವು ಅರ್ಧಕ್ಕೆ ನಿಂತಿದೆ. ನಾನು ಬರೋವರೆಗೂ ನಿಮ್ಮಮ್ಮ ಮುಟ್ಟಬಾರದು," ಎಂದು ಹೇಳಿ ಬಸ್ಸಿಗೆ ನಡೆದ.

ಕೆಲವೇ ವಾರಗಳಲ್ಲಿ ಸೀಬೆಹೂವಿನ ಹೆಣಿಗೆ ಅವನ ಕೈಗೆ ಹತ್ತಿತು. ಬಸ್ಸಿನ ಹಳೆಯ ಜೊತೆಗಾರ ಕಾಲೊ ಬೇಲಿಯಾಚೆಯಿಂದ ಕೂಗಿದ: "ಏನೋ, ಸ್ಟೀರಿಂಗ್ ಬಿಟ್ಟು ಸೂಜಿ ಹಿಡಿದೆಯಂತೆ! ನನ್ನ ಹೆಂಡ್ತಿಗೊಂದು ಲಂಗ ಮಾಡಿಕೊಡೋ!"

"ನಿನ್ನ ಹೊಟ್ಟೆ ಅಳತೆ ಕೊಡೋ. ಮೊದಲು ನಿನಗೇ ಮಾಡ್ತೀನಿ!"

ಗಂಡ ನಗುವ ಸದ್ದು ಕೇಳಿ ನಿಮಿಯಾ ಸೌದೆಯೊಲೆಯ ಮುಂದೆ ಹಾಗೇ ನಿಂತಳು.

ಅವನ ತಂಗಿ ಸುನಿಲ್ದಾ ತನ್ನದೊಂದು ಮೂತ್ರಪಿಂಡ ಕೊಡುತ್ತೇನೆಂದು ಮುಂದೆ ಬಂದಿದ್ದಳು. ಪರೀಕ್ಷೆಗಳು ನಡೆಯುತ್ತಿದ್ದಷ್ಟು ದಿನವೂ ಅವನು ದೊಡ್ಡದೊಂದು ಮೇಜುವಸ್ತ್ರ ಹೆಣೆದ. ಕಸಿ ಆದ ಮೇಲೆ ಅದನ್ನು ತಂಗಿಗೆ ಕೊಡಬೇಕೆಂದಿದ್ದ. ಕೊನೆಗೆ ಆಸ್ಪತ್ರೆಯಿಂದ ಫೋನು ಬಂತು. ತಂಗಿಯ ಮೂತ್ರಪಿಂಡ ಅವನಿಗೆ ಹೊಂದುವುದಿಲ್ಲವಂತೆ.

ಎಲಾದಿಯೊ ಫೋನು ಕೆಳಗಿಟ್ಟ. ಕತ್ತರಿ ತೆಗೆದುಕೊಂಡು ಚೌಕಟ್ಟಿನ ನಡುವೆ ಆಡಿಸಿದ. ನಿಮಿಯಾ ಓಡಿಬರುವಷ್ಟರಲ್ಲಿ ಹೂಗಳು ಹರಿದು ಕೂದಲಿನ ಸಿಕ್ಕಿನಂತೆ ಜೋತುಬಿದ್ದಿದ್ದವು. ದೆಯೋಲಿಂದಾ ಬೆರಳಾಡಿಸಿ ನೋಡಿದಳು. "ಇದು ಇನ್ನು ಕೆಲಸಕ್ಕೆ ಬರಲ್ಲ. ಹೊಸ ಬಟ್ಟೆ ಬಿಗಿ, ಮಗಳೇ."

"ಯಾರಿಗಮ್ಮಾ?" ನಿಮಿಯಾ ಮೊದಲ ಬಾರಿಗೆ ಗಟ್ಟಿಯಾಗಿ ಅತ್ತಳು. "ಯಾರು ಮಾಡ್ತಾರೆ ಇನ್ನು?"

"ಬಿಗಿದಿಡು ಅಂದೆ."

ಬಟ್ಟೆ ಬಿಗಿದ ಚೌಕಟ್ಟು ಗೋಡೆಗೊರಗಿ ನಿಂತಿತು. ಎಲಾದಿಯೊ ಆಸ್ಪತ್ರೆಗೆ ಹೋಗುತ್ತಿದ್ದ, ಬಂದು ಗೋಡೆಯತ್ತ ತಿರುಗಿ ಮಲಗುತ್ತಿದ್ದ. ಹೋಗುವಾಗೆಲ್ಲ, ಇವತ್ತು ಆಸ್ಪತ್ರೆಯ ಮುಂದೆ ಇಳಿಯುತ್ತಾನೋ ಇಲ್ಲವೋ ಎಂದು ನಿಮಿಯಾ ಬಸ್ಸು ಮರೆಯಾಗುವವರೆಗೂ ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಬಂದವನು ಮಲಗಲಿಲ್ಲ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಎಡಗೈಗೆ ಪಟ್ಟಿ ಸುತ್ತಿತ್ತು, ಮುಖ ಬಿಳುಚಿತ್ತು. ಜಗಲಿಯ ಮೇಲೆ ಕೂತು ಬಹಳ ಹೊತ್ತು ಉಸಿರು ಸುಧಾರಿಸಿಕೊಂಡ.

"ನಿಮಿಯಾ, ಈ ಕೈ ಎತ್ತೋಕಾಗ್ತಿಲ್ಲ. ಚೌಕಟ್ಟು ಸ್ವಲ್ಪ ಹಿಡ್ಕೊತೀಯಾ?"

ಅವಳು ಒದ್ದೆ ಕೈಯನ್ನು ಲಂಗಕ್ಕೊರೆಸಿಕೊಂಡು ಎದುರಿಗೆ ಕೂತಳು. "ಯಾವ ಹೂವು?"

"ಗೊತ್ತಿಲ್ಲ. ಮೊದಲು ಎಳೆ ಹಾಕ್ತೀನಿ."

ಒಳಗಿಳಿದ ಸೂಜಿ ಬಟ್ಟೆಯ ಕೆಳಗೆ ದಾರಿ ಹುಡುಕಿ, ಅವಳ ಹೆಬ್ಬೆರಳಿನ ಪಕ್ಕದಲ್ಲೇ ಮೇಲೆದ್ದಿತು. ನಿಮಿಯಾ ಬೆರಳು ಸರಿಸಲಿಲ್ಲ.